ಖಾಲಿ ಕಾಣುವ ಕೊಳವೆ

ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಲ್ಯಾಬ್ ಅಕ್ಕ ಅನ್ನುತ್ತಿದ್ದರು. ಭೌತಶಾಸ್ತ್ರದ ಪ್ರಯೋಗಾಲಯದ ಬೀಗದ ಕೈಗಳು ಅವಳ ಸೊಂಟದಲ್ಲಿರುತ್ತಿದ್ದವು. ಯಾವ ಥರ್ಮಾಮೀಟರ್ ಸುಳ್ಳು ಹೇಳುತ್ತದೆ, ಯಾವ ತಕ್ಕಡಿ ಮೊಂಡು ಹಿಡಿಯುತ್ತದೆ, ಯಾರು ಬೀಕರ್ ಒಡೆದು ಪಕ್ಕದವರ ತಲೆಗೆ ಕಟ್ಟುತ್ತಾರೆ, ಎಲ್ಲ ಅವಳಿಗೆ ಗೊತ್ತು. ಬಾಯಿ ಜೋರು. "ಬರ್ನರ್ ಆರಿಸದೆ ಹೋದೋರ ಕಿವಿ ಹಿಂಡಿ ಆ ಕೊಕ್ಕೆಗೇ ನೇತು ಹಾಕ್ತೀನಿ!" ಎಂದು ಅವಳು ಕೂಗಿದರೆ ವಿದ್ಯಾರ್ಥಿಗಳಿರಲಿ, ಪಾಠ ಹೇಳುವವರೂ ಒಮ್ಮೆ ತಮ್ಮ ಮೇಜಿನತ್ತ ತಿರುಗಿ ನೋಡಿಕೊಳ್ಳುತ್ತಿದ್ದರು.

ಅದೇ ಬಾಯಿ ಮನೆಯ ಹೊಸಿಲು ದಾಟಿದರೆ ಬಿದ್ದುಹೋಗುತ್ತಿತ್ತು. ಮನೆಯಲ್ಲಿ ಅವಳು, ಅವಳ ಮಗಳು, ಇಬ್ಬರೇ. ಮಗಳು ಎಷ್ಟು ಹೊತ್ತಿಗೆ ಬಂದರೂ ಯಾಕೆ ತಡ ಎಂದು ಕೇಳುವಂತಿಲ್ಲ, ಊಟ ಬಿಟ್ಟರೂ ಯಾಕೆ ಎಂದು ಕೇಳುವಂತಿಲ್ಲ. ಹಾಗೆಂದು ಯಾರೂ ಕಟ್ಟಪ್ಪಣೆ ಮಾಡಿರಲಿಲ್ಲ. ತಾನೇ ಮಾಡಿಕೊಂಡ ಕಟ್ಟು ಅದು. ಈ ಮನೆಯಲ್ಲಿ ಒಮ್ಮೆ ಬಾಯಿ ಬಿಟ್ಟು, ಅದರ ಫಲ ಉಂಡವಳು ಅವಳು.

ಅವಳ ಗಂಡ ಐಸ್ ಫ್ಯಾಕ್ಟರಿಯಲ್ಲಿದ್ದ. ದಿನವಿಡೀ ಮಂಜುಗಡ್ಡೆಯ ದಿಮ್ಮಿಗಳನ್ನು ಕೊಕ್ಕೆಯಿಂದ ಎಳೆದು ಲಾರಿಗೆ ತುಂಬುವ ಕೆಲಸ. ಸಂಜೆ ಬಂದವನು ಸುಡುಸುಡುವ ನೀರಿನಲ್ಲಿ ಮಿಂದು, ಹಸಿರು ಪಟ್ಟೆಯ ಒದ್ದೆ ಟವೆಲ್ಲನ್ನು ಮಂಚದ ಮೇಲೆ ಎಸೆದು, ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತುಬಿಡುತ್ತಿದ್ದ. ಮಾತು ಅಷ್ಟಕ್ಕಷ್ಟೇ. ಫ್ಯಾಕ್ಟರಿಯ ಮೇಸ್ತ್ರಿ ಎಲ್ಲರೆದುರು ಉಗಿದ ದಿನವೂ ಹಾಗೇ ಕೂತಿದ್ದ, ಸೊಂಟ ಹಿಡಿದುಕೊಂಡು ಏಳಲಾಗದ ದಿನವೂ ಹಾಗೇ. ಎದುರುಮನೆಯ ಅಜ್ಜಿ ನಗುತ್ತಿದ್ದಳು. "ನಿನ್ನ ಗಂಡ ಐಸಿನ ಜೊತೆ ಇದ್ದೂ ಇದ್ದೂ ಐಸೇ ಆಗಿಬಿಟ್ಟಿದ್ದಾನೆ ಕಣೇ. ಏನಂದ್ರೂ ಬಿಸಿ ಏರಲ್ಲ." ಹೆಂಡತಿಯೂ ನಗುತ್ತಿದ್ದಳು. ಬಿಸಿ ಏರದ ಗಂಡ ಸಿಗುವುದು ಪುಣ್ಯವಲ್ಲವೇ?

ಒಂದು ಬೇಸಿಗೆಯ ಭಾನುವಾರ, ಬೆಳಗಿನ ಸ್ನಾನ ಮುಗಿಸಿ ಅವನು ಟವೆಲ್ ಎಸೆದ. ಅವಳು ಆಗಷ್ಟೇ ಮಂಚಕ್ಕೆ ಹೊಸ ಹೊದಿಕೆ ಹಾಸಿದ್ದಳು.

"ಒದ್ದೆ ಟವೆಲ್ ಮಂಚದ ಮೇಲೆ ಹಾಕಬೇಡಿ ಅಂತ ಎಷ್ಟು ಸಲ ಹೇಳಬೇಕು ನಿಮಗೆ?"

ಅವನು ಅವಳ ಮುಖ ನೋಡಿದ. "ಆಯ್ತು" ಅಂದ. ಟವೆಲ್ ತೆಗೆದುಕೊಂಡು ಹಿತ್ತಲಿಗೆ ಹೋಗಿ ತಂತಿಯ ಮೇಲೆ ಹರವಿದ. ಎಂದೂ ಇಲ್ಲದ ಹಾಗೆ ಅಂಚಿಗೆ ಅಂಚು ಸೇರಿಸಿ ನೇರ ಮಾಡಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಮಧ್ಯಾಹ್ನದ ಹೊತ್ತಿಗೆ ಟವೆಲ್ ಒಣಗಿತು. ಅವನು ಬರಲಿಲ್ಲ.

ಸಂಜೆಗೂ ಬರಲಿಲ್ಲ, ಮರುದಿನವೂ ಬರಲಿಲ್ಲ. ಫ್ಯಾಕ್ಟರಿ, ನೆಂಟರ ಮನೆ, ಆಸ್ಪತ್ರೆ, ಪೊಲೀಸ್ ಠಾಣೆ, ಎಲ್ಲ ಕಡೆ ತಿರುಗಿ ಅವಳ ಕಾಲು ಸವೆಯಿತು. ಕಾಲುವೆಯ ಏರಿಯ ಮೇಲೆ ಅವನ ಹಾಗೆ ಇರುವವನೊಬ್ಬ ನಡೆದು ಹೋದದ್ದನ್ನು ಕಂಡೆ ಎಂದು ಯಾರೋ ಹೇಳಿದರು. ಕಾಲುವೆಯನ್ನು ಜಾಲಾಡಿದರು. ಏನೂ ಸಿಗಲಿಲ್ಲ.

"ಟವೆಲ್ಲಿಗೋಸ್ಕರ ಯಾರಾದ್ರೂ ಮನೆ ಬಿಡ್ತಾರೇನೇ?" ಎಂದಳು ಎದುರುಮನೆಯ ಅಜ್ಜಿ. "ಇನ್ನೇನೋ ಅಂದಿರ್ತೀಯ. ಸರಿಯಾಗಿ ನೆನಪು ಮಾಡ್ಕೋ."

ಅವಳು ನೆನಪು ಮಾಡಿಕೊಂಡೇ ಮಾಡಿಕೊಂಡಳು. ಇನ್ನೇನೂ ಅಂದಿರಲಿಲ್ಲ. ದೊಡ್ಡ ಜಗಳವಾಗಿದ್ದರೆ ಅದನ್ನೇ ಹಿಡಿದು ಅತ್ತು ಹಗುರಾಗಬಹುದಿತ್ತು. ಇಷ್ಟು ಸಣ್ಣ ಮಾತಿಗೆ ಒಬ್ಬ ಮನುಷ್ಯ ಎದ್ದು ಹೋಗಿಬಿಟ್ಟರೆ, ಉಳಿದವರು ಇನ್ನು ಯಾವ ಮಾತನ್ನು ನಂಬಿ ಆಡುವುದು? ಅವಳು ಆ ಟವೆಲ್ಲನ್ನು ಮಡಚಿ ಬೀರುವಿನ ಕೆಳಗಿನ ಅರೆಯಲ್ಲಿಟ್ಟಳು. ಮತ್ತೆ ಆ ಅರೆ ತೆರೆಯಲಿಲ್ಲ.

ಒದ್ದೆ ಕಾಣಿಸಿಕೊಂಡದ್ದು ಅದಾದ ಕೆಲವು ವಾರಗಳ ಮೇಲೆ. ಸಂಜೆ ಕಾಲೇಜಿನಿಂದ ಬಂದು ಮಂಚದ ಮೇಲೆ ಕೈಯೂರಿದಳು. ಅವನು ಮಲಗುತ್ತಿದ್ದ ಕಡೆ, ಸರಿಯಾಗಿ ಟವೆಲ್ ಬೀಳುತ್ತಿದ್ದ ಜಾಗದಲ್ಲಿ, ಹೊದಿಕೆ ಒದ್ದೆಯಾಗಿತ್ತು. ಸೂರು ಸೋರಿರಲಿಲ್ಲ, ಕಿಟಕಿ ಮುಚ್ಚಿತ್ತು, ಹೊರಗೆ ಬೆಂಕಿಯಂಥ ಬಿಸಿಲು. ಮಗಳು ಆಗ ಚಿಕ್ಕವಳು. ಬಾಗಿಲ ಸಂದಿಯಲ್ಲಿ ನಿಂತು ತಾಯಿಯನ್ನೇ ನೋಡುತ್ತಿದ್ದಳು. ಮಗು ಹೆದರೀತು ಎಂದು ತಾಯಿ ಏನೂ ಆಗದವಳಂತೆ ಅಂಗೈಯನ್ನು ಸೀರೆಗೆ ಒರೆಸಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ಒಲೆಯ ಮುಂದೆ ನಿಂತು ಗಡಗಡ ನಡುಗಿದಳು. ಹಾಗಾದರೆ ಕಾಲುವೆಯೇ. ನೀರಿನಿಂದ ಎದ್ದು ಬರುವವರು ಒದ್ದೆಯಾಗಿಯೇ ಬರಬೇಕಲ್ಲ.

ಆಮೇಲೆ ವರ್ಷಗಟ್ಟಲೆ ಅದು ಬರುತ್ತ ಹೋಗುತ್ತ ಇತ್ತು. ಕೆಲವು ತಿಂಗಳು ಏನೂ ಇಲ್ಲ, ಆಮೇಲೆ ಒಂದೇ ವಾರದಲ್ಲಿ ಎರಡೆರಡು ಸಲ. ಅವಳು ಮಂಚದ ಮೇಲೆ ಮಲಗುವುದನ್ನು ಬಿಟ್ಟು ನೆಲದ ಮೇಲೆ ಚಾಪೆ ಹಾಸಿಕೊಂಡಳು. ಹೊದಿಕೆಯನ್ನು ಮಾತ್ರ ತಪ್ಪದೆ ಬದಲಾಯಿಸುತ್ತಿದ್ದಳು. ಭಯವಾಗುತ್ತಿತ್ತು, ನಿಜ. ಆದರೆ ಬಹಳ ದಿನ ಒದ್ದೆ ಕಾಣದಿದ್ದರೆ ಅದೇ ಅಂಗೈ ಹೊದಿಕೆಯ ಮೇಲೆ ತಡಕಾಡುತ್ತಿತ್ತು ಎಂಬುದೂ ಅಷ್ಟೇ ನಿಜ. ಹೆದರಿಕೊಂಡೇ ಕಾಯುವುದು ಹೇಗೆಂದು ಅವಳನ್ನು ನೋಡಿ ಕಲಿಯಬೇಕಿತ್ತು.

ಮಗಳು ಬೆಳೆದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸಕ್ಕೆ ಸೇರಿದಳು. ಹೇಳಿದ್ದಕ್ಕೆಲ್ಲ "ಆಯ್ತಮ್ಮ." ಎದುರು ಮಾತಿಲ್ಲ, ಸಿಡುಕಿಲ್ಲ, ಅಳುವಿಲ್ಲ. ಇಬ್ಬರೂ ಎದುರುಬದುರು ಕೂತು ಉಂಡರೆ ತಟ್ಟೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಈಚೆಗೆ ಹಲವು ತಿಂಗಳಿಂದ ಮಂಚದ ಒದ್ದೆಯೂ ನಿಂತುಹೋಗಿತ್ತು. ಅಂತೂ ಅವನಿಗೆ ಶಾಂತಿ ಸಿಕ್ಕಿತು, ಮನೆಗೂ ಸಿಕ್ಕಿತು ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಆ ದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವಾಗ ಮಗಳು ಇನ್ನೂ ಸ್ನಾನಕ್ಕೂ ಎದ್ದಿರಲಿಲ್ಲ. "ನಿನಗೆ ಇವತ್ತು ಅಂಗಡಿ ಇಲ್ವಾ?" ಎಂಬ ಮಾತು ತಾಯಿಯ ನಾಲಿಗೆಯ ತುದಿಗೆ ಬಂದು ವಾಪಸ್ ಹೋಯಿತು. "ಮಧ್ಯಾಹ್ನದ ಮೇಲೆ ನಾನು ಹೋಗ್ತೀನಮ್ಮ," ಎಂದಳು ಮಗಳು ತಾನಾಗಿಯೇ. ತಾಯಿ ತಲೆಯಾಡಿಸಿ ಬೀಗದ ಕೈಗೊಂಚಲು ಸಿಕ್ಕಿಸಿಕೊಂಡು ಹೊರಟಳು.

ಬೆಳಿಗ್ಗೆಯೇ ಸೆಕೆ ತಡೆಯಲಾಗುತ್ತಿರಲಿಲ್ಲ. ಪ್ರಯೋಗಾಲಯದ ಫ್ಯಾನುಗಳು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿದ್ದವು. ಆ ವರ್ಷವಷ್ಟೇ ಬಂದಿದ್ದ ಮೇಡಂ ಕಪ್ಪುಹಲಗೆಯ ಮೇಲೆ ಒಂದು ಗೆರೆ ಎಳೆಯುತ್ತಿದ್ದರು. ಎಡಗಡೆ ಎತ್ತರದಲ್ಲಿ ಶುರುವಾಗಿ, ಮೆಲ್ಲಮೆಲ್ಲನೆ ಇಳಿದು, ಬಲತುದಿಯಲ್ಲಿ ದಬಕ್ಕನೆ ನೆಲಕ್ಕೆ ಬೀಳುವ ಗೆರೆ.

"ಲ್ಯಾಬ್ ಅಕ್ಕ, ಆ ದಪ್ಪ ಗಾಜಿನ ಕೊಳವೆ ತರ್ತೀರಾ?"

ಅದು ಎರಡೂ ತುದಿ ಮುಚ್ಚಿದ, ಬೆರಳಿನಷ್ಟು ಉದ್ದದ ಕೊಳವೆ. ಸೋಡಾದಲ್ಲಿ ಗುಳ್ಳೆಯೇಳಿಸುವ ಅನಿಲವನ್ನೇ ಒತ್ತಿ ಒತ್ತಿ ದ್ರವ ಮಾಡಿ ಅದರೊಳಗೆ ತುಂಬಿದ್ದರು. ಕೆಳಗರ್ಧ ದ್ರವ, ಮೇಲರ್ಧ ಅದರದೇ ಆವಿ, ನಡುವೆ ಒಂದು ಸ್ಪಷ್ಟ ಗೆರೆ. ಹಿಂದಿದ್ದ ಹಿರಿಯ ಮೇಷ್ಟ್ರು ಅದನ್ನು ಚಳಿಗಾಲದಲ್ಲಿ ಮಾತ್ರ ಹೊರಗೆ ತೆಗೆಯುತ್ತಿದ್ದರು. ಲ್ಯಾಬ್ ಅಕ್ಕ ಬೀರು ತೆರೆದು, ಹತ್ತಿಯಲ್ಲಿ ಸುತ್ತಿದ್ದ ಕೊಳವೆಯನ್ನು ಹೊರತೆಗೆದು ಬೆಳಕಿಗೆ ಹಿಡಿದಳು.

ಗೆರೆ ಇರಲಿಲ್ಲ. ಕೊಳವೆ ಮೇಲಿಂದ ಕೆಳಗಿನವರೆಗೂ ಖಾಲಿ.

ಇದು ಎರಡನೆಯ ಸಲ. ಗಂಡ ಹೋದ ವರ್ಷ, ಅವನು ಹೋಗುವುದಕ್ಕೆ ಕೆಲವೇ ದಿನ ಮೊದಲು, ಇಂಥದ್ದೇ ಸೆಕೆಯಲ್ಲಿ ಬೀರು ಒರೆಸುವಾಗ ಹಳೆಯ ಕೊಳವೆ ಹೀಗೇ ಖಾಲಿಯಾಗಿ ಕಂಡಿತ್ತು. ಎಲ್ಲೋ ಸೀಳು ಬಿಟ್ಟು ಒಳಗಿನದೆಲ್ಲ ಹಾರಿಹೋಗಿದೆ, ತನ್ನ ಕೈತಪ್ಪೇ ಇರಬೇಕು ಎಂದು ಹೆದರಿ, ಯಾರಿಗೂ ಹೇಳದೆ ಅದನ್ನು ಕಟ್ಟಡದ ಹಿಂದಿದ್ದ, ಒಡೆದ ಗಾಜು ಹಾಕುವ ಗುಂಡಿಗೆ ಎಸೆದಿದ್ದಳು. ಅದು ಬಂದೂಕಿನಂತೆ ಢಮಾರೆಂದು ಸಿಡಿದಿತ್ತು. ಹಾರಿಬಂದ ಚೂರು ಅವಳ ಹುಬ್ಬನ್ನು ಸೀಳಿತ್ತು. ಆ ಗುರುತು ಈಗಲೂ ಇದೆ. ಹಿರಿಯ ಮೇಷ್ಟ್ರು ರಕ್ತ ನೋಡಿ ಗಾಬರಿಯಾದರೇ ಹೊರತು ಏನಾಯಿತೆಂದು ಕೆದಕಲಿಲ್ಲ. ಖಾಲಿ ಕೊಳವೆ ಅಷ್ಟು ಜೋರಾಗಿ ಯಾಕೆ ಸಿಡಿಯಿತು ಎಂಬುದು ಮಾತ್ರ ಅವಳ ತಲೆಯಲ್ಲಿ ಉಳಿದುಬಿಟ್ಟಿತ್ತು.

"ಮೇಡಂ, ಇದೂ ಹೋಗಿದೆ. ನಾನು ಮುಟ್ಟೇ ಇಲ್ಲ, ಆಣೆಗೂ."

ಮೇಡಂ ನಕ್ಕರು. "ಹೋಗಿಲ್ಲ ಅಕ್ಕ. ತುಂಬಿದೆ. ಬನ್ನಿ, ನೀವೂ ನೋಡಿ."

ಅವರು ದಪ್ಪ ಪ್ಲಾಸ್ಟಿಕ್ ಹಲಗೆಯ ಹಿಂದೆ ಗಾಜಿನ ಜಾಡಿಯಿಟ್ಟು, ತಣ್ಣೀರು ಹಾಕಿ, ಕೊಳವೆಯನ್ನು ಅದರೊಳಗೆ ಇಳಿಸಿದರು. ಎಲ್ಲರೂ ಕತ್ತು ಚಾಚಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೊಳವೆಯ ಒಳಗೆ ಎಲ್ಲಿಂದಲೋ ಕಂದು ಬಣ್ಣದ ಮಬ್ಬು ಕವಿಯಿತು. ಮಬ್ಬಿನೊಳಗೆ ಸಣ್ಣ ಮಳೆಯ ಹಾಗೆ ಏನೋ ಸುರಿಯಿತು. ಮಬ್ಬು ತಿಳಿಯಾದಾಗ ಸರಿಯಾಗಿ ನಡುವೆ ಗೆರೆ ನಿಂತಿತ್ತು. ಯಾರೋ ಹೊರಗಿನಿಂದ ಬಂದು ಕೂತ ಹಾಗಿತ್ತು.

"ದ್ರವದ ಕಣಗಳು ಒಂದನ್ನೊಂದು ಹಿಡ್ಕೊಂಡಿರ್ತವೆ," ಎಂದರು ಮೇಡಂ. "ಆ ಹಿಡಿತ ಬಿಡಿಸಿಕೊಂಡು ಆವಿಯಾಗಿ ಹೋಗೋದಕ್ಕೆ ಬೇಕಾದ ಶಾಖಾನೇ ಗುಪ್ತೋಷ್ಣ. ಅದು ಯಾವಾಗಲೂ ಒಂದೇ ಸಮ ಇರುತ್ತೆ ಅಂತ ನೀವೆಲ್ಲ ಉರು ಹೊಡ್ಕೊಂಡು ಬಂದಿದ್ದೀರಿ. ಇಲ್ಲ. ತಣ್ಣಗಿದ್ದಾಗ ಜಾಸ್ತಿ ಬೇಕು. ಈಗ ನಿಮ್ಮ ಹಣೆ ಮೇಲೆ ಬೆವರು ಆರ್ತಾ ಇದೆಯಲ್ಲ, ಒಂದು ಚಮಚ ಬೆವರು ಹಾರೋಕೆ, ಕುದಿಯೋ ಪಾತ್ರೆಯಿಂದ ಒಂದು ಚಮಚ ನೀರು ಹಾರೋದಕ್ಕಿಂತ ಜಾಸ್ತಿ ಶಾಖ ಬೇಕು. ಮುಚ್ಚಿಟ್ಟು ಇನ್ನೂ ಕಾಯಿಸ್ತಾ ಹೋಗಿ, ಇನ್ನೂ ಕಡಿಮೆ ಸಾಕು. ಬಿಸಿ ಏರಿದಷ್ಟೂ ಹಿಡಿತ ಸಡಿಲ. ಹಲಗೆ ಮೇಲಿನ ಆ ಗೆರೆ ನೋಡಿ, ಮೊದಮೊದಲು ಇಳಿಜಾರು ಗೊತ್ತೇ ಆಗಲ್ಲ. ಕೊನೆಗೆ ಹೀಗೆ ಬಿದ್ದುಬಿಡುತ್ತೆ. ಅಲ್ಲಿ ಗುಪ್ತೋಷ್ಣ ಸೊನ್ನೆ."

ಅವರು ಜಾಡಿಗೆ ಬೆಚ್ಚಗಿನ ನೀರು ಬೆರೆಸತೊಡಗಿದರು. ಕುದಿ ಬರಲಿಲ್ಲ, ಗುಳ್ಳೆ ಏಳಲಿಲ್ಲ. ಗೆರೆ ತೆಳುವಾಯಿತು, ಮಸುಕಾಯಿತು, ಒಮ್ಮೆ ನಡುಗಿತು. ಆಮೇಲೆ ಇರಲಿಲ್ಲ. ಅದು ಹೋದ ಕ್ಷಣ ಇದೇ ಎಂದು ಯಾರಿಗೂ ಬೆರಳಿಟ್ಟು ತೋರಿಸಲಾಗಲಿಲ್ಲ.

ಲ್ಯಾಬ್ ಅಕ್ಕ ಪಾಠದ ನಡುವೆ ಬಾಯಿ ಹಾಕುವವಳಲ್ಲ. ಅಂದು ಹಾಕಿದಳು. "ಹಾಗಾದ್ರೆ ಕೊನೇಲಿ ಹೋಗೋಕೆ ಕಾರಣಾನೇ ಬೇಡವಾ, ಮೇಡಂ?"

"ಬೇಡ ಅಕ್ಕ. ಅಷ್ಟು ಹೊತ್ತಿಗೆ ಎಲ್ಲ ಬಿಸಿ ಒಳಗೇ ತುಂಬಿಕೊಂಡಿರುತ್ತಲ್ಲ. ಹೊರಗಿಂದ ನೋಡಿದ್ರೆ ಏನೂ ಇಲ್ಲ ಅನ್ನಿಸುತ್ತೆ, ಅಷ್ಟೇ. ಕೊಳವೆ ಒಡೀದೇ ಇದ್ರೆ, ತಣ್ಣಗೆ ಮಾಡಿದಾಗ ಗೆರೆ ವಾಪಸ್ ಬರುತ್ತೆ."

ಅವಳ ಕೈ ತಾನಾಗಿ ಹುಬ್ಬಿನ ಗುರುತಿಗೆ ಹೋಯಿತು. ಆ ಕೊಳವೆ ತುಂಬಿತ್ತು. ತುಂಬಿ ತುಳುಕುತ್ತಿದ್ದದ್ದನ್ನು ಖಾಲಿ ಎಂದು ಎಸೆದಿದ್ದಳು. ಕಿಟಕಿಯ ಬಳಿ ಕೂತಿದ್ದ ಗಂಡ ಕಣ್ಣ ಮುಂದೆ ಬಂದ. ಬಿಸಿ ಏರಲ್ಲ ಎಂದು ನಕ್ಕದ್ದು ನೆನಪಾಯಿತು. ಟವೆಲ್ಲಿನ ಮಾತಲ್ಲ, ಯಾವ ಮಾತೂ ಅಲ್ಲ. ಆ ಭಾನುವಾರ ಹೋಗಲು ಅವನಿಗೆ ಯಾವ ಕಾರಣವೂ ಬೇಕಾಗಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ದನಿ ಕಿವಿಯಲ್ಲಿ ಸುಳಿಯಿತು. ಹೋಗ್ತೀನಮ್ಮ. ಮಾತು ಕಲಿತಾಗಿನಿಂದ ಆ ಹುಡುಗಿ ಹೊಸಿಲು ದಾಟುವಾಗ ಹೋಗಿ ಬರ್ತೀನಿ ಅನ್ನುತ್ತಿದ್ದವಳು. ಎಲ್ಲದಕ್ಕೂ ಆಯ್ತಮ್ಮ. ಸಿಡುಕಿಲ್ಲ, ಅಳುವಿಲ್ಲ, ಗೆರೆಯಿಲ್ಲ. ಅದನ್ನೇ ಶಾಂತಿ ಎಂದುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡಿದ್ದಳಲ್ಲ ಇಷ್ಟು ತಿಂಗಳು!

ಯಾರ ಕೈಗೂ ಕೊಡದ ಬೀಗದ ಕೈಗಳನ್ನು ಸೊಂಟದಿಂದ ಕಿತ್ತು ಮೇಡಂ ಮುಂದೆ ಇಟ್ಟಳು. "ಮನೇಲಿ ಬರ್ನರ್ ಆರಿಸದೇ ಬಂದಿದ್ದೀನಿ," ಎಂದಷ್ಟೇ ಹೇಳಿ ಬಿಸಿಲಿಗೆ ಬಿದ್ದಳು. ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡರು.

ಮನೆಯ ಬಾಗಿಲಿಗೆ ಬೀಗವಿತ್ತು. ಸೆರಗಿನ ಗಂಟಿನಿಂದ ಮನೆಯ ಕೀಲಿ ಬಿಚ್ಚಿ ಬಾಗಿಲು ತೆರೆದಳು. ಒಳಗೆ ನಡುಮನೆಯಲ್ಲಿ ಮಗಳ ದೊಡ್ಡ ಚೀಲ ತುಂಬಿ ನಿಂತಿತ್ತು. ಮಗಳು ಇನ್ನೂ ಹೋಗಿಲ್ಲ, ಅಂಗಡಿಗೆ ಹೇಳಿ ಬರಲು ಹೋಗಿರಬೇಕು. ಚೀಲದ ಜಿಪ್ಪು ಪೂರ್ತಿ ಎಳೆದಿರಲಿಲ್ಲ. ಸಂದಿಯಲ್ಲಿ ಹಸಿರು ಪಟ್ಟೆಯೊಂದು ಇಣುಕುತ್ತಿತ್ತು.

ಅವಳು ಅದನ್ನು ಹೊರಗೆಳೆದಳು. ಗಂಡನ ಟವೆಲ್. ಬೀರುವಿನಲ್ಲಿ ಇಷ್ಟು ವರ್ಷ ಮುಟ್ಟದೆ ಇದ್ದರೆ ಮಡಿಕೆಯಲ್ಲೇ ಗಡುಸಾಗಿ ಹಳದಿಗಟ್ಟಿರಬೇಕಿತ್ತು. ಇದು ಮೆತ್ತಗಿತ್ತು. ಅಂಚು ಸವೆದಿತ್ತು. ನೂರಾರು ಸಲ ನೆನೆದು, ನೂರಾರು ಸಲ ಒಣಗಿದ ಬಟ್ಟೆ ಅದು.

ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ತಾಯಿಯನ್ನೇ ನೋಡುತ್ತಿದ್ದ ಆ ಚಿಕ್ಕ ಮುಖ ನೆನಪಾಯಿತು. ಹಾಗಾದರೆ ಮಗಳೇ. ಹಾಗಾದರೆ ಅವನು ಒಂದು ದಿನವೂ ಬಂದಿರಲಿಲ್ಲ. ಕಾಲುವೆಯಿಂದ ಎದ್ದು ಬಂದಿರಲಿಲ್ಲ, ಅವಳ ಮೇಲಿನ ಸಿಟ್ಟಿಗೂ ಬಂದಿರಲಿಲ್ಲ, ಕನಿಕರಕ್ಕೂ ಬಂದಿರಲಿಲ್ಲ. ಹೆದರಿಕೊಂಡಾದರೂ ಸರಿ, ಇಷ್ಟು ವರ್ಷ ಗಂಡನೊಬ್ಬ ಇದ್ದ ಮನೆಯಿದು. ಈಗ ಅವನು ನಿಜವಾಗಿ ಹೋದ. ಅವಳು ಚೀಲದ ಪಕ್ಕದಲ್ಲಿ ಕುಸಿದು ಕೂತು, ಟವೆಲ್ಲಿನಲ್ಲಿ ಮುಖ ಮುಚ್ಚಿ ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ಎದ್ದಳು. ಬಚ್ಚಲಿಗೆ ಹೋಗಿ ಟವೆಲ್ಲನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡದೆ ತಂದು, ನೀರು ತೊಟ್ಟಿಕ್ಕುತ್ತಿದ್ದಂತೆಯೇ ಮಂಚದ ಮೇಲೆ ಅವನ ಜಾಗದಲ್ಲಿ ಎಸೆದಳು. ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

ಬಾಗಿಲು ಸದ್ದಾಯಿತು. "ಅಮ್ಮ? ಇಷ್ಟು ಬೇಗ ಯಾಕೆ ಬಂದೆ?" ಚೀಲ ತಡಕಾಡಿದ ಸದ್ದು. ಆಮೇಲೆ ಮಗಳು ಕೋಣೆಯ ಬಾಗಿಲಲ್ಲಿ, ಚಿಕ್ಕವಳಿದ್ದಾಗ ನಿಂತಿದ್ದಲ್ಲೇ ಬಂದು ನಿಂತಳು. ಮಂಚ ನೋಡಿದಳು. ಅವಳ ಮುಖದಲ್ಲಿ ಏನೋ ಮಬ್ಬು ಕವಿಯಿತು.

"ಗೊತ್ತಿತ್ತಾ ನಿನಗೆ?"

"ಒದ್ದೆ ಗೊತ್ತಿತ್ತು. ನೀನು ಅಂತ ಗೊತ್ತಿರಲಿಲ್ಲ. ನಿಮ್ಮಪ್ಪ ಬಂದು ಹೋಗ್ತಾರೆ ಅಂದ್ಕೊಂಡಿದ್ದೆ."

"ಅಪ್ಪನಾ?" ಎಂದಳು ಮಗಳು. "ಒದ್ದೆ ನೋಡಿ ನೀನು ಬೈತೀಯ ಅಂತ ಮಾಡ್ತಿದ್ದೆ ಅಮ್ಮ. ಟವೆಲ್ ಕಂಡ್ರೆ ಕಿತ್ಕೋತೀಯ ಅಂತ ಅದನ್ನ ಬಚ್ಚಿಡ್ತಿದ್ದೆ. ಅಪ್ಪನಿಗೆ ಬೈದ ಹಾಗೆ ನನಗೂ ಬೈದ್ರೆ, ಆಮೇಲೆ ಅಪ್ಪನ ವಿಷಯ ಕೇಳಬಹುದು ಅಂತ. ನೀನು ಕೈ ಒರೆಸಿಕೊಂಡು ಅಡುಗೆಮನೆಗೆ ಹೋಗಿಬಿಡ್ತಿದ್ದೆ. ಪ್ರತಿ ಸಲ. ಇವಳಿಗೆ ಅಪ್ಪನೂ ಬೇಡ, ನಾನೂ ಬೇಡ ಅಂದ್ಕೊಂಡೆ. ಸಾಕಾಯ್ತು. ಬೇರೆ ಊರಲ್ಲಿ ಕೆಲಸ ಸಿಕ್ಕಿದೆ."

"ಹೆದರಿಕೆ ಕಣೇ. ಬಾಯಿ ಬಿಟ್ರೆ ನೀನೂ ಎದ್ದು ಹೋಗ್ತೀಯ ಅಂತ."

ಹೊದಿಕೆಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಈಗ ನೀನು ಬೈಯಿ," ಎಂದಳು ತಾಯಿ. "ನಾನೇ ಹಾಕಿದ್ದು. ಬೈಯಿ."

ಮಗಳ ಬಾಯಿಂದ ಹೊರಟ ದನಿ ತಾಯಿಯದೇ ಹಳೆಯ ದನಿಯ ಹಾಗಿತ್ತು. "ಒದ್ದೆ ಟವೆಲ್ ಮಂಚದ ಮೇಲೆ ಹಾಕಬೇಡ ಅಂತ ಎಷ್ಟು ಸಲ ಹೇಳಬೇಕು ನಿನಗೆ?"

ಆಯ್ತು ಎಂಬ ಮಾತು ತಾಯಿಯ ಗಂಟಲಿಗೆ ಬಂದಿತು. ಅವಳು ಅದನ್ನು ನುಂಗಿದಳು. "ಹಾಕ್ತೀನಿ! ದಿನಾ ಹಾಕ್ತೀನಿ! ಏನು ಮಾಡ್ತೀಯ? ನನ್ನ ಮಂಚ, ನನ್ನ ಗಂಡನ ಟವೆಲ್!"

"ನನ್ನ ಅಪ್ಪನದು ಅದು!"

"ಕೇಳದೆ ಬೀರು ತೆಗೆದ ಕಳ್ಳಿ! ಹೇಳದೆ ಚೀಲ ಕಟ್ಟಿದ ಕಳ್ಳಿ! ಯಾವ ಊರು? ಯಾರು ಅಡುಗೆ ಮಾಡಿ ಹಾಕ್ತಾರೆ ನಿನಗೆ ಅಲ್ಲಿ?"

ಕೂಡಿಟ್ಟಿದ್ದೆಲ್ಲ ಹೊರಗೆ ಬಂತು. ಕೂಗಿದರು, ಅತ್ತರು, ಮತ್ತೆ ಕೂಗಿದರು. ಎದುರುಮನೆಯ ಅಜ್ಜಿ ಕಿಟಕಿ ತೆರೆದು ಕಿವಿಗೆ ಕೈಯಿಟ್ಟು ಕೇಳಿಸಿಕೊಂಡಳು. ಮಗಳ ಬಸ್ಸಿನ ಹೊತ್ತು ಯಾವಾಗಲೋ ಮೀರಿಹೋಗಿತ್ತು. ಹೋಗುವುದಾದರೆ ಇನ್ನೊಂದು ದಿನ, ಹೇಳಿ ಹೋಗಬಹುದು. ಬಿಸಿಲು ಇಳಿಯುವ ಮುನ್ನ ಇಬ್ಬರೂ ಟವೆಲ್ಲಿನ ಎರಡು ತುದಿ ಹಿಡಿದು ಹಿಂಡಿ, ಹಿತ್ತಲಿನ ತಂತಿಯ ಮೇಲೆ ಹರವಿ, ಮೆಟ್ಟಿಲ ಮೇಲೆ ಕೂತರು. ಅಪ್ಪ ಹೇಗೆ ನಗುತ್ತಿದ್ದ ಎಂದು ಮಗಳು ಕೇಳಿದಳು. ತಾಯಿ ಹೇಳುತ್ತ ಹೋದಳು. ಮಾತಿನ ನಡುವೆ ಇಬ್ಬರ ಕಣ್ಣೂ ಆಗಾಗ ಬಾಗಿಲ ಕಡೆ ಹೋಗಿ ಬರುತ್ತಿತ್ತು.

ಟವೆಲ್ ಒಣಗಿತು. ಯಾರೂ ಬರಲಿಲ್ಲ. ಯಾರೂ ಹೋಗಲೂ ಇಲ್ಲ.